ಒಂದೂವರೆ ಅಡಿ ಬಾಕಿ

ಪ್ರೀತಿಯ ಗೊದ್ದ,

ನಿನಗೆ ನಾನು ಪತ್ರ ಬರೆದವನಲ್ಲ. ನೀನಿದ್ದಾಗ ಫೋನಿನಲ್ಲೇ ಎಲ್ಲ ಮುಗಿಯುತ್ತಿತ್ತು. ಮಾತಾಡುತ್ತಿದ್ದದ್ದು ನಾನು, ಆ ಕಡೆಯಿಂದ ನೀನು 'ಹ್ಞೂಂ ಭಾವ' ಎನ್ನುತ್ತಿದ್ದೆ, ಅಷ್ಟೇ. ಈಗ ನೀನು ಹೋಗಿ ವರ್ಷ ಕಳೆದ ಮೇಲೆ ಕಾಗದ ಮುಂದಿಟ್ಟುಕೊಂಡು ಕೂತಿದ್ದೇನೆ ಎಂದರೆ, ನಿನಗೆ ತಲುಪಲೇಬೇಕಾದ ಸುದ್ದಿಯೊಂದಿದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದಕ್ಕೆ ನೀನು ಕಿವಿ ಕೊಡುವುದಿಲ್ಲ. ಬೆಲೆಯನ್ನು ಕೊನೆಗೆ ಹೇಳುವುದು ನನ್ನ ಅಂಗಡಿಯ ಪದ್ಧತಿ, ನಿನಗೆ ಗೊತ್ತಿದ್ದದ್ದೇ. ಹಾಗಾಗಿ ಸ್ವಲ್ಪ ಕೂತ್ಕೋ.

ಮೊದಲು ಗಾಲ್ಫ್ ಕ್ಲಬ್ಬಿನ ಸಮಾಚಾರ. ನಿನ್ನ ನೆನಪಿಗೆ ಅಲ್ಲಿ ಒಂದು ಕೋಣೆ ಮಾಡುತ್ತಿದ್ದಾರೆ. ಮುರಿದ ಕುರ್ಚಿ, ಕಡ್ಡಿ ಕಿತ್ತ ಛತ್ರಿಗಳನ್ನೆಲ್ಲ ತುಂಬಿಡುತ್ತಿದ್ದ ಮೂಲೆಕೋಣೆ ಇತ್ತಲ್ಲ, ಅದೇ. ಈಗ ಅದಕ್ಕೆ ಗಾಜಿನ ಬಾಗಿಲು, ಗೋಡೆಗೆ ಹಸಿರು ಬಣ್ಣ, ಮೇಲಿನಿಂದ ಬೀಳುವ ಹಳದಿ ದೀಪ. ಕಾರ್ಯದರ್ಶಿಯವರು ಟೈ ಕಟ್ಟಿಕೊಂಡು ನನ್ನ ಅಂಗಡಿಗೇ ಬಂದಿದ್ದರು. ನನ್ನ ಅತ್ತೆ, ಅಂದರೆ ನಿನ್ನ ಅಮ್ಮ, ಆ ಕೋರ್ಸಿನಲ್ಲಿ ಹುಲ್ಲು ಕತ್ತರಿಸುತ್ತಿದ್ದ ಕಾಲಕ್ಕೆ, ನಾನು ಸ್ಪ್ಯಾನರ್ ಹಿಡಿದು ಅವರ ಮಷೀನ್ ರಿಪೇರಿಗೆ ಹೋಗುತ್ತಿದ್ದ ಕಾಲಕ್ಕೆ, ಆ ಮುಂಬಾಗಿಲು ನಮ್ಮಂಥವರಿಗಲ್ಲ ಎಂದು ಹಿತ್ತಲಿನಿಂದ ಕಳಿಸುತ್ತಿದ್ದರು. ಈಗ ಅವರೇ ನನ್ನ ಮೆಟ್ಟಿಲಿನ ಮೇಲೆ ಶೂ ಒರೆಸಿಕೊಂಡು ಒಳಗೆ ಬಂದರು. ನಾನು ಯಾರೊಂದಿಗೋ ಫೋನಿನಲ್ಲಿ ಇರುವವನ ಹಾಗೆ ಸ್ವಲ್ಪ ನಿಲ್ಲಿಸಿ, ಆಮೇಲೆ ಕುರ್ಚಿ ತೋರಿಸಿದೆ. ಅಷ್ಟು ಬಡ್ಡಿಯನ್ನಾದರೂ ವಸೂಲು ಮಾಡದಿದ್ದರೆ ಹೇಗೆ, ಹೇಳು?

ನಿನ್ನ ಕೋಲುಗಳು, ಗೆದ್ದ ಕಪ್ಪುಗಳು, ಬೆವರಿನ ಕಲೆ ಹೋಗದ ಆ ಬಿಳಿ ಟೋಪಿ, ಎಲ್ಲವನ್ನೂ ಕೊಟ್ಟೆ. ಆದರೆ ಅವರಿಗೆ ಬೇಕಿದ್ದದ್ದು ಬೇರೆ.

'ಅವರು ಹೊಡೆಯೋ ಮುಂಚೆ ಸುಮ್ನೆ ನಿಂತ್ಕೊಳ್ತಿದ್ರಲ್ಲ ಸಾರ್, ತಲೆ ಹೀಗೆ ಓರೆ ಮಾಡ್ಕೊಂಡು. ಅದರ ಬಗ್ಗೆ ಗೋಡೆಗೆ ಹಾಕೋಕೆ ನಾಲ್ಕು ಸಾಲು ಬರ್ಕೊಡಿ. ಅದು ಧ್ಯಾನದಿಂದ ಬಂದದ್ದಾ? ಯಾರಾದ್ರೂ ದೊಡ್ಡ ಕೋಚ್ ಹೇಳಿಕೊಟ್ಟಿದ್ದಾ?'

'ಮನೇಲಿ ಕಲಿತದ್ದು' ಎಂದೆ.

'ಆಹಾ, ಸಂಸ್ಕಾರ!' ಎಂದು ಬರೆದುಕೊಂಡರು.

ಇನ್ನೊಂದು ಮಾತು ಹೇಳಿದರು. ಒಂದು ಗಾಜಿನ ಪೆಟ್ಟಿಗೆಯನ್ನು ಖಾಲಿ ಇಡುತ್ತಾರಂತೆ. ಗಾಲ್ಫ್ ಆಡುವವರೆಲ್ಲ ಎಡಗೈಗೆ ಗ್ಲೌಸ್ ಹಾಕುತ್ತಾರೆ, ನೀನೊಬ್ಬನೇ ಬರಿಗೈಯಲ್ಲಿ ಆಡಿದವನು. ಹಾಗಾಗಿ ಪೆಟ್ಟಿಗೆಯ ಕೆಳಗೆ 'ಅವರು ತೊಡದ ಗ್ಲೌಸ್' ಎಂದು ಬರೆಸುತ್ತಾರಂತೆ. ಹೇಳಿ, ನನ್ನ ಮುಖ ನೋಡಿದರು, ಮೆಚ್ಚುಗೆ ಬರುತ್ತದೆ ಎಂದು. ನಾನು ಅವರ ತಲೆಯ ಮೇಲಿಂದ ಗೋದಾಮಿನ ಬಾಗಿಲನ್ನು ನೋಡುತ್ತಿದ್ದೆ. ಆ ಗ್ಲೌಸ್ ಅಲ್ಲೇ, ಟಾರ್ಪಾಲಿನ ಕೆಳಗೆ, ಕೂಗಳತೆಯಲ್ಲಿತ್ತು.

ಗೊದ್ದ, ನೀನು ಸತ್ತದ್ದು ಒಂದೇ ಸಲ. ಆದರೆ ಅಭ್ಯಾಸದ ಮೈದಾನಕ್ಕೆ ಬೆಳಿಗ್ಗೆ ಹೋದರೆ ನೀನು ಸಾಲಾಗಿ ನಿಂತಿರುತ್ತೀಯ. ಕಾಲೇಜು ಹುಡುಗರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಹಲ್ಲಿನ ಡಾಕ್ಟರಮ್ಮ. ಎಲ್ಲರ ಎಡಗೈಯೂ ಬರಿದು. ಎಲ್ಲರೂ ಚೆಂಡಿನ ಮೇಲೆ ಬಾಗಿ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ನಿಲ್ಲುತ್ತಾರೆ. ಮೈದಾನಕ್ಕೆ ಮೈದಾನವೇ ಏನನ್ನೋ ಆಲಿಸುತ್ತಿರುವ ಹಾಗೆ. ಅವರಿಗೆ ಏನೂ ಕೇಳಿಸುವುದಿಲ್ಲ ಪಾಪ. ನೀನು ನಿಲ್ಲುತ್ತಿದ್ದೆ ಎಂದು ನಿಲ್ಲುತ್ತಾರೆ, ಗೆಲ್ಲುತ್ತಿದ್ದೆ ಎಂದು ನಂಬುತ್ತಾರೆ. ಪತ್ರಿಕೆಯವರು ನಿನ್ನನ್ನು ತಪಸ್ವಿ ಎಂದು ಕರೆದರು. ತರಬೇತಿ ಕೊಡುವವರು ಆ ನಿಲುವಿಗೆ ಒಂದು ಹೆಸರಿಟ್ಟು ಅದಕ್ಕೆಂದೇ ಒಂದು ತರಗತಿ ತೆರೆದರು. ನಾನು ಅಲ್ಲಿಗೆ ಹೋದರೆ ಮಷೀನು ನೋಡಿ, ಕಣ್ಣು ನೆಲಕ್ಕೆ ಹಾಕಿಕೊಂಡು ವಾಪಸು ಬರುತ್ತೇನೆ. ಸತ್ತವನೊಬ್ಬ ಎದುರು ಬಂದರೆ ಹೇಗೋ ಮಾತಾಡಿಸಬಹುದು, ಸಾಲು ಕಟ್ಟಿ ನಿಂತರೆ ಏನು ಮಾಡುವುದು?

ಆ ನಿಲುವು ಎಲ್ಲಿಂದ ಬಂತು ಎಂದು ತಿಳಿದಿದ್ದದ್ದು ನಮ್ಮಿಬ್ಬರಿಗೇ. ಈಗ ಮೂರನೆಯವರಿಗೂ ನಾಲ್ಕನೆಯವರಿಗೂ ತಿಳಿದಿದೆ. ಅದನ್ನು ಹೇಳಲೆಂದೇ ಹಿಂದಕ್ಕೆ ಹೋಗುತ್ತಿದ್ದೇನೆ, ಬೇಸರಪಡಬೇಡ.

ಅತ್ತೆ ಹುಲ್ಲು ಕತ್ತರಿಸುತ್ತಿದ್ದ ಮಷೀನ್ ನಿನಗೆ ನೆನಪಿದ್ದೇ ಇರುತ್ತದೆ. ಚಕ್ರ ತಾನೇ ಉರುಳುವ, ಹಿಂದಿನಿಂದ ಹಿಡಿದು ನಡೆಯುವ, ಪೆಟ್ರೋಲಿನ, ಕೆಂಪು ಬಣ್ಣ ಸುಲಿದ ಮಷೀನ್. ಅದರ ಇಂಜಿನ್ನಿಗೆ ಬಿಕ್ಕಳಿಕೆ. ಓಡುತ್ತ ಓಡುತ್ತ ಒಂದು ಕಡೆ ತಡವರಿಸಿ, 'ಹಿಕ್' ಎಂದು, ಮತ್ತೆ ಓಡುತ್ತಿತ್ತು. ಎಷ್ಟು ಸಲ ಬಿಚ್ಚಿ ತೊಳೆದರೂ ಹೋಗಲಿಲ್ಲ. 'ಇರ್ಲಿ ಬಿಡಿ ಅಳಿಯಂದ್ರೇ, ಅದಕ್ಕೂ ಯಾರೋ ನೆನೆಸ್ಕೊಳ್ಳೋರು ಇದ್ದಾರೆ' ಎಂದು ಅತ್ತೆ ನಗುತ್ತಿದ್ದರು.

ಆಡುವವರು ಚೆಂಡಿನ ಮೇಲೆ ಬಾಗಿದರೆ ಹುಲ್ಲಿನವರು ಮಷೀನ್ ನಿಲ್ಲಿಸಬೇಕು, ಅದು ಕೋರ್ಸಿನ ಕಟ್ಟಳೆ. ಆಡುವವರು ಕೈ ಎತ್ತುತ್ತಾರೆ, ಇವರು ನಿಲ್ಲಿಸುತ್ತಾರೆ; ಆಮೇಲೆ ಮತ್ತೆ ಹಗ್ಗ ಜಗ್ಗಿ ಚಾಲೂ ಮಾಡುವ ಹೆಣಗಾಟ ಇವರ ಪಾಲಿಗೆ. ಕೆಲಸ ಮುಗಿದ ಮೇಲೆ, ಮಷೀನ್ ಶೆಡ್ಡಿನ ಹಿಂದಿನ ಬಯಲಿನಲ್ಲಿ, ಯಾರೋ ಎಸೆದ ಕೋಲಿಗೆ ಟೇಪು ಸುತ್ತಿಕೊಂಡು ನೀನು ಆಡುತ್ತಿದ್ದೆ. ಅಲ್ಲಿ ಅತ್ತೆ ಬೇಕೆಂದೇ ಮಷೀನ್ ಓಡಿಸುತ್ತಿದ್ದರು, ನೀನು ದೊಡ್ಡವರ ಹಾಗೆ ಕೈ ಎತ್ತಲಿ ಎಂದು. ನೀನು ಎತ್ತುತ್ತಿದ್ದೆ. ಕ್ಲಬ್ಬಿನ ಅಧ್ಯಕ್ಷರಿಗೆ ನಿಲ್ಲಿಸಿದಷ್ಟೇ ಗಾಂಭೀರ್ಯದಿಂದ ಅವರು ನಿನಗೂ ನಿಲ್ಲಿಸುತ್ತಿದ್ದರು. 'ನಿಂತ ಮೇಲೆ ಹೊಡಿಯೋ ಗೊದ್ದ' ಎನ್ನುತ್ತಿದ್ದರು. ಗೊದ್ದ ಇರುವೆಯ ಹಾಗೆ ಕಪ್ಪಗೆ, ಕಡ್ಡಿಯಂತಿದ್ದು, ಹಿಡಿದದ್ದನ್ನು ಬಿಡದ ನಿನಗೆ ಆ ಹೆಸರಿಟ್ಟದ್ದೂ ಅವರೇ. ಪ್ರಪಂಚದಲ್ಲಿ ನಿನಗಾಗಿ ಕೆಲಸ ನಿಲ್ಲಿಸಿದ ಮೊದಲ ಮನುಷ್ಯರು ಅವರು. ಆಮೇಲೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತರು, ಟಿಕೆಟ್ ಕೊಂಡು. ಅದು ಬೇರೆ.

ಇನ್ನು ಆ ಸಳಿಯ ವಿಷಯ. ಹಿಡಿಯ ಕೆಳಗೆ ಒಂದು ಕಬ್ಬಿಣದ ಸಳಿ ಇರುತ್ತದೆ. ಅದನ್ನು ಅದುಮಿ ಹಿಡಿದಿದ್ದರಷ್ಟೇ ಇಂಜಿನ್ ಓಡುವುದು, ಕೈ ಬಿಟ್ಟರೆ ನಿಲ್ಲುವುದು. ಮನುಷ್ಯ ಬಿದ್ದರೆ ಮಷೀನ್ ನಿಲ್ಲಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಬೆಳಗಿನಿಂದ ಸಂಜೆತನಕ ಅದುಮಿದರೆ ಬೆರಳು ಸೆಟೆದು, ಊಟಕ್ಕೆ ಕೂತಾಗ ತುತ್ತು ಹಿಡಿಯಲೂ ಬರುವುದಿಲ್ಲ. ಹಾಗಾಗಿ ಹುಲ್ಲಿನವರೆಲ್ಲರೂ ಸಳಿಯನ್ನು ಹಿಡಿಗೆ ಸೇರಿಸಿ ಏನಾದರೊಂದರಿಂದ ಕಟ್ಟುತ್ತಿದ್ದರು: ಚಿಂದಿ, ಸೈಕಲ್ ಟ್ಯೂಬು, ಹಳೆಯ ಬೆಲ್ಟು. ಒಂದು ಎಳೆತಕ್ಕೆ ಬಿಚ್ಚುವ ಕುಣಿಕೆ ಗಂಟು. ಯಾವ ಕ್ಲಬ್ಬಿಗೆ ಹೋದರೂ ಇದೇ. ಅತ್ತೆ ಮಾತ್ರ ಕಟ್ಟುತ್ತಿದ್ದದ್ದು ಅಂಗೈ ತೂತಾದ ನಿನ್ನ ಹಳೆಯ ಗ್ಲೌಸಿನಿಂದ. 'ಇವನ ಕೈ ಹಿಡ್ಕೊಂಡೇ ಕೆಲಸ ಮಾಡ್ತೀನಿ ನೋಡಿ' ಎಂದು ನನಗೆ ತೋರಿಸಿ ಹೆಮ್ಮೆಪಡುತ್ತಿದ್ದರು. ದೂರದಿಂದ ನೋಡಿದರೆ ಹಿಡಿಯ ಮೇಲೆ ಮೂರನೆಯ ಕೈಯೊಂದು ಇದ್ದ ಹಾಗೇ ಕಾಣುತ್ತಿತ್ತು.

ಆ ದಿನದ ಪಂದ್ಯ ದೊಡ್ಡದೇನಲ್ಲ. ಆದರೆ ಗೆದ್ದವನಿಗೆ ವೃತ್ತಿಪರ ಆಟಗಾರರ ಬಾಗಿಲು ತೆರೆಯುತ್ತಿತ್ತು. ಕೊನೆಯ ಕುಳಿ, ಕೊನೆಯ ಹೊಡೆತ. ಸಾಲುಮರಗಳ ಆಚೆ ಮಷೀನ್ ಓಡುತ್ತಿತ್ತು. ನೀನು ಕೈ ಎತ್ತಿದೆ. ನಿಲ್ಲಲಿಲ್ಲ. ಮತ್ತೆ ಎತ್ತಿದೆ. ನಾನು ಹಗ್ಗದ ಆಚೆ ಜನರ ನಡುವೆ ನಿಂತು ನೋಡುತ್ತಿದ್ದೆ. ನಿನ್ನ ಮುಖದಲ್ಲಿ ಬಂದದ್ದು ಸಿಟ್ಟು. ಇವತ್ತೇ ಅಮ್ಮನಿಗೆ ಕಿವಿ ಕೇಳಿಸದೇ ಹೋಯಿತಾ ಎಂಬ, ಮಕ್ಕಳಿಗೆ ಮಾತ್ರ ಬರುವ ಸಿಟ್ಟು. ಹೊಡೆದೇಬಿಟ್ಟೆ. ಚೆಂಡು ಸುತ್ತಿ, ಅಂಚಿನಲ್ಲಿ ತೂಗಿ, ಒಳಗೆ ಬಿತ್ತು. ಜನ ಕೂಗಿದರು. ಕೂಗು ನಿಂತ ಮೇಲೂ ಮಷೀನ್ ಓಡುತ್ತಲೇ ಇತ್ತು.

ಅದು ಬೇಲಿಗೆ ಮುಖ ಒತ್ತಿಕೊಂಡು ನಿಂತಲ್ಲೇ ಮಣ್ಣು ಕೆರೆಯುತ್ತಿತ್ತು. ನಾವು ಓಡಿ ತಲುಪುವಷ್ಟರಲ್ಲಿ ಪೆಟ್ರೋಲ್ ತೀರಿ, ಬಿಕ್ಕಿ, ತಾನೇ ಸುಮ್ಮನಾಯಿತು. ಅತ್ತೆ ಅದಕ್ಕಿಂತ ಬಹಳ ಹಿಂದೆ, ಅರ್ಧ ಕತ್ತರಿಸಿದ ಸಾಲಿನಲ್ಲಿ ಮಲಗಿದ್ದರು. ಬಿದ್ದಾಗಲೇ ಎಲ್ಲ ಮುಗಿದಿತ್ತು, ಯಾರಿಂದಲೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ನಿನ್ನ ಭುಜ ಹಿಡಿದು ಹೇಳಿದರು. ನೀನು ಅವರ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಸಳಿಯನ್ನು ಬಿಗಿಯಾಗಿ ಹಿಡಿದಿದ್ದ ನಿನ್ನದೇ ಗ್ಲೌಸನ್ನು ನೋಡುತ್ತಿದ್ದೆ.

ಮಷೀನನ್ನು ನಾನು ಅಂಗಡಿಗೆ ಸಾಗಿಸಿದೆ. 'ಮಾರಬೇಡಿ ಭಾವ. ರಿಪೇರಿ ಮಾಡಬೇಡಿ, ಚಾಲೂ ಮಾಡಬೇಡಿ. ಆ ಗಂಟು ಬಿಚ್ಚಬೇಡಿ' ಎಂದೆ ನೀನು. ನಾನು ಮಾರಲು ಹುಟ್ಟಿದವನು. ತಗಡು ಶೆಡ್ಡಿನಿಂದ ಶುರುಮಾಡಿ ಗಾಜಿನ ಅಂಗಡಿಯವರೆಗೆ ಬಂದದ್ದು ಮಾರಿಯೇ. ನನ್ನ ದಾಸ್ತಾನಿನಲ್ಲಿ ಬೆಲೆ ಬರೆಯದೆ ಉಳಿದ ಒಂದೇ ಸಾಮಾನು ಅದು.

ಮುಂದಿನದೆಲ್ಲ ಲೋಕಕ್ಕೆ ಗೊತ್ತು. ನೀನು ಊರು ದಾಟಿದೆ, ದೇಶ ದಾಟಿದೆ, ಸಮುದ್ರ ದಾಟಿದೆ. ಎಲ್ಲಿ ಹೋದರೂ, ಮತ್ತೆಂದೂ ಗ್ಲೌಸ್ ತೊಡದೆ, ಚೆಂಡಿನ ಮೇಲೆ ಬಾಗಿ, ತಲೆ ಓರೆ ಮಾಡಿ ನಿಂತೆ. ಪ್ರಪಂಚವೇ ಸದ್ದಡಗಿ ಕಾದಿತು. ನೀನು ಹೊಡೆದಾಗ ಚೆಂಡು ಹೇಳಿಸಿಕೊಂಡ ಹಾಗೆ ಹೋಯಿತು. ಗ್ಲೌಸ್ ಕಂಪನಿಯವರು ಕಾಗದಪತ್ರ ಹಿಡಿದು ನಿನ್ನ ಹೋಟೆಲಿನ ಬಾಗಿಲಲ್ಲಿ ಕಾದರು. ನೀನು ಬರಿಗೈ ತೋರಿಸಿ ಕಳಿಸಿಬಿಟ್ಟೆ. ನಿನ್ನ ವ್ಯವಹಾರ ನೋಡಿಕೊಳ್ಳುತ್ತಿದ್ದ ನನಗೆ ಆ ದಿನ ಹೊಟ್ಟೆ ಉರಿದದ್ದು ನಿಜ. 'ನಿನಗೆ ತಲೆ ಕೆಟ್ಟಿದೆಯಾ?' ಎಂದೆ. 'ಸ್ವಲ್ಪ' ಎಂದೆ ನೀನು, ತಣ್ಣಗೆ. ತಮಾಷೆ ಎಂದುಕೊಂಡು ನಾನು ನಕ್ಕೆ.

ಆ ಕೊನೆಯ ಪಂದ್ಯ ಬಂತು. ಎಲ್ಲಕ್ಕಿಂತ ದೊಡ್ಡ ಕಪ್ಪು, ಕುಳಿಗೆ ಚೆಂಡು ಒಂದೂವರೆ ಅಡಿ ದೂರ. ಆ ಹಲ್ಲಿನ ಡಾಕ್ಟರಮ್ಮನೂ ಕಣ್ಣು ಮುಚ್ಚಿಕೊಂಡು ಹಾಕುವಷ್ಟು ಹತ್ತಿರ. ನೀನು ಬಾಗಿದೆ. ನಿಂತೆ. ಜನ ಮೊದಲು ಉಸಿರು ಬಿಗಿಹಿಡಿದರು, ಆಮೇಲೆ ಉಸಿರು ಬಿಟ್ಟರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೀರ್ಪುಗಾರರು ಗಡಿಯಾರ ನೋಡಿ ಹತ್ತಿರ ಬಂದು ಎಚ್ಚರಿಸಿದರು, ದಂಡ ಹಾಕಿದರು. ನೀನು ಕೊನೆಗೆ ನೆಟ್ಟಗಾಗಿ, ಚೆಂಡನ್ನು ಅಲ್ಲೇ ಬಿಟ್ಟು, ಹಗ್ಗ ದಾಟಿ, ನೇರ ಕಾರಿನಲ್ಲಿ ಬಂದು ಕೂತೆ. ನಾನು ಕಾರು ಓಡಿಸುತ್ತ ಏನೇನೋ ಒದರಿದೆ. ಸೇತುವೆ ದಾಟಿದ ಮೇಲೆ ನೀನು ಬಾಯಿ ತೆರೆದೆ.

'ಭಾವ, ಅಮ್ಮ ನಿಲ್ಲಿಸ್ತಾ ಇಲ್ಲ.'

ನನಗೆ ಅರ್ಥವಾಗಲಿಲ್ಲ.

'ಇಷ್ಟು ವರ್ಷ ನಾನು ಕಾದ್ರೆ ನಿಲ್ಲಿಸ್ತಿದ್ಲು. ನಿಂತ ಮೇಲೆ ಹೊಡಿತಿದ್ದೆ. ಇವತ್ತು ನಿಲ್ಲಿಸ್ಲೇ ಇಲ್ಲ ಭಾವ. ಹಾಗೇ ಹೊಡೆಯೋಕೆ ನನ್ನ ಕೈಲಿ ಇನ್ನೊಂದು ಸಲ ಆಗಲ್ಲ.'

 

ನೀನು ಮತ್ತೆ ಆಡಲಿಲ್ಲ. ಹುಲ್ಲಿನಿಂದ ಬದುಕು ಕಂಡವನು ಹುಲ್ಲುಕಡ್ಡಿಯಿಲ್ಲದ ಮನೆ ಹುಡುಕಿದೆ. ಸರಕು ರೈಲುಗಳನ್ನು ಜೋಡಿಸುವ ಯಾರ್ಡಿನ ಪಕ್ಕ, ಹಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಅಂಗಳಕ್ಕೆ ಪೂರ್ತಿ ಸಿಮೆಂಟ್. ಇಷ್ಟು ದುಡಿದವನು ಇಲ್ಲಿ ಯಾಕೆ ಎಂದು ನಿನ್ನ ಅಕ್ಕ ಗೋಳಾಡಿದಳು. ಸದ್ದಿಗೆ ಸದ್ದು ಮುಚ್ಚಲಿ ಎಂದು ನೀನು ಹೋದೆ ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ, ನೀನು ಬೇಡ ಎಂದಿದ್ದೆ.

ಆ ಸಿಮೆಂಟಿನ ಮೇಲೆ ಚಾಪೆ ಹಾಸಿ ನೀನು ಆಟ ಕಲಿಸಿದ್ದು ಒಬ್ಬಳಿಗೇ, ನಮ್ಮ ಮಗಳಿಗೆ. ನಿನ್ನ ಚಿನಕುರುಳಿಗೆ. ನಾನು ಬೇಡ ಎಂದೆ. ಅವಳು ನನ್ನ ಮಗಳು, ಮಾತಿನಲ್ಲಿ ನನ್ನನ್ನೇ ಮಾರಿಬಿಟ್ಟಳು. ರಜೆಯೆಲ್ಲ ನಿನ್ನ ಅಂಗಳದಲ್ಲೇ ಕಳೆದಳು. 'ಮಾಮ ಏನೂ ಹೇಳ್ಕೊಡಲ್ಲಪ್ಪ, ಬರೀ ತಾಳು ಅಂತಾರೆ, ಆಮೇಲೆ ಈಗ ಅಂತಾರೆ' ಎಂದು ದೂರುತ್ತಿದ್ದಳು. ಹಾಗೆ ದೂರುತ್ತಲೇ ಅವಳ ಕೈ ಕುದುರಿತು. ನೀನು ಕಣ್ಮುಚ್ಚಿದ ಆ ವಾರ ಅವಳು ತನ್ನ ಮೊದಲ ಪಂದ್ಯ ಗೆದ್ದಿದ್ದಳು, ನಿನಗೆ ಕಪ್ಪು ತೋರಿಸಬೇಕೆಂದು ಬಸ್ಸಿನಲ್ಲಿ ಬರುತ್ತಿದ್ದಳು. ನೀನು ಕುರ್ಚಿಯಲ್ಲಿ ತಲೆ ಎಡಕ್ಕೆ ಓರೆ ಮಾಡಿ ಕೂತಿದ್ದೆ. ನಿದ್ದೆ ಮಾಡುತ್ತಿದ್ದೀಯ ಎಂದುಕೊಂಡಳಂತೆ. ನನಗೆ ಗೊತ್ತಿತ್ತು, ಅದು ನಿದ್ದೆಯ ಓರೆಯಲ್ಲ.

ಈಗ ಸುದ್ದಿಯ ಹತ್ತಿರ ಬಂದೆ.

ಈ ವರ್ಷ ಅವಳು ವೃತ್ತಿಗೆ ಇಳಿಯುವ ಅರ್ಹತಾ ಪಂದ್ಯಗಳನ್ನು ಆಡುತ್ತಿದ್ದಾಳೆ. ಅದಕ್ಕೆ ಮುಂಚಿನ ಪಂದ್ಯವೊಂದರಲ್ಲಿ ತಡ ಮಾಡಿದ್ದಕ್ಕೆ ಅವಳಿಗೆ ದಂಡ ಬಿತ್ತು. ನಾನು ನೋಡುತ್ತಿದ್ದೆ. ಅವಳು ಬಾಗಿ, ತಲೆ ಓರೆ ಮಾಡಿದ್ದಳು. ಎಲ್ಲರ ಹಾಗೆ ನಿನ್ನ ನಕಲು ಎಂದು ಮೊದಲು ಅಂದುಕೊಂಡೆ. ಆದರೆ ನಕಲು ಮಾಡುವವರ ಕಣ್ಣು ಚೆಂಡಿನ ಮೇಲಿರುತ್ತದೆ. ಅವಳ ಕಣ್ಣು ಮರಗಳ ಕಡೆ ಸರಿಯುತ್ತಿತ್ತು. ಹೊರಗೆ ಬಂದವಳು ಚೀಲ ಎಸೆದು ನನ್ನ ಮೇಲೇ ಎಗರಿದಳು.

'ಏನಪ್ಪಾ ನೀನು, ಮಷೀನ್ ಅಂಗಡಿ ಇಟ್ಕೊಂಡಿದೀಯ, ಎಲ್ಲರೂ ನಿನಗೆ ಗೊತ್ತು. ಪಂದ್ಯದ ಹೊತ್ತಲ್ಲಿ ಯಾರೋ ಹುಲ್ಲು ಕತ್ತರಿಸ್ತಾ ಇದಾರೆ, ಹೋಗಿ ನಿಲ್ಲಿಸು ಅನ್ನೋಕಾಗಲ್ವಾ?'

ಆ ದಿನ ಅಲ್ಲಿ ಯಾರೂ ಹುಲ್ಲು ಕತ್ತರಿಸುತ್ತಿರಲಿಲ್ಲ, ಗೊದ್ದ.

ನಾನು ಆಡುವ ಮಾತಿಗೆ ಆಧಾರ ಬೇಕೆನ್ನುವವನು. ದೆವ್ವ ಗಿವ್ವ ಎಂದರೆ ಬಿಲ್ಲು ತೋರಿಸು ಎನ್ನುತ್ತೇನೆ. ನಿನ್ನ ಹತ್ತಿರ ಕಲಿತ ತಾಳು ಎಂಬ ಮಾತೇ ಅವಳ ತಲೆಯಲ್ಲಿ ಕೂತು ಹೀಗೆ ಸದ್ದು ಮಾಡುತ್ತಿದೆ, ಈಗ ಎನ್ನಲು ನೀನಿಲ್ಲ, ಅದಕ್ಕೇ ತಡ, ಎಂದು ಲೆಕ್ಕ ಹೊಂದಿಸಿಕೊಂಡೆ. ಕಾರಿನಲ್ಲಿ ಕೂತ ಮೇಲೆ ಸಮಾಧಾನಕ್ಕೆಂದು ಕೇಳಿದೆ, 'ಯಾವ ಥರದ ಮಷೀನಮ್ಮ ಅದು?'

'ಯಾವುದೋ ಹಳೇದು. ಓಡ್ತಾ ಓಡ್ತಾ ಬಿಕ್ಕಳಿಸುತ್ತೆ.'

ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಆ ಬಿಕ್ಕಳಿಕೆಯ ವಿಷಯ ನಾನು ಅವಳಿಗೆ ಹೇಳಿಲ್ಲ. ನಿನ್ನ ಅಕ್ಕ ಮಷೀನಿನ ಹೆಸರನ್ನೇ ಎತ್ತುವುದಿಲ್ಲ. ನೀನು ಹೇಳಿದ್ದೆಯಾ? 'ಮಾಮ ಏನಾದ್ರೂ ಹೇಳಿದ್ರಾ?' ಎಂದರೆ 'ಏನನ್ನ?' ಎಂದಳು. ಆ ಕಣ್ಣಿನಲ್ಲಿ ಸುಳ್ಳಿರಲಿಲ್ಲ. 'ಇನ್ನೊಂದು ಸಲ ಹೀಗಾದ್ರೆ ಬಿಟ್ಬಿಡ್ತೀನಪ್ಪ. ಅದು ನಿಲ್ಲದೇ ನನಗೆ ಹೊಡೆಯೋಕೇ ಆಗಲ್ಲ' ಎಂದಳು. ಅದೇ ಮಾತು. ನಿನ್ನ ಮಾತು, ಅದೇ ಕಾರಿನ ಪಕ್ಕದ ಸೀಟಿನಿಂದ.

ನಾನು ಮನೆಗೆ ಬಂದು ನಿನ್ನ ಅಕ್ಕನನ್ನು ಕೂರಿಸಿ ಎಲ್ಲ ಹೇಳಿದೆ. ನೀನು ಬೇಡ ಎಂದದ್ದು ನಿಜ. ಆದರೆ ನೀನಿರುವಾಗ ಬೇಡವಾದದ್ದು ಮಗಳ ಬದುಕಿಗೆ ಅಡ್ಡ ಬಂದಾಗಲೂ ಬೇಡ ಎನ್ನಲು ನಾನು ಅಷ್ಟು ಒಳ್ಳೆಯವನಲ್ಲ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಹೇಳಿದಳು: 'ಅವನು ಇಷ್ಟು ವರ್ಷ ಕಾದಿದ್ದು ತಪ್ಪಲ್ಲ. ನಿಲ್ಲಿಸೋರು ಬೇಕಿತ್ತು. ಒಬ್ಬರಿಗೂ ಹೊಳೀಲಿಲ್ವಾ? ಹೋಗಿ ಅದನ್ನ ಚಾಲೂ ಮಾಡಿ.'

'ಚಾಲೂ ಮಾಡಬೇಡ ಅಂದಿದ್ದ.'

'ಚಾಲೂ ಆಗದ್ದನ್ನ ನಿಲ್ಲಿಸೋದು ಹೇಗ್ರೀ?'

ನಲವತ್ತು ವರ್ಷ ಮಷೀನಿನ ಜೊತೆ ಬದುಕಿದವನಿಗೆ ಇದನ್ನು ಹೆಂಡತಿ ಹೇಳಬೇಕಾಯಿತು.

ಟಾರ್ಪಾಲು ತೆಗೆದೆ. ಹಳೆ ಎಣ್ಣೆ ಚೆಲ್ಲಿ ಹೊಸದು ಹಾಕಿದೆ, ಪ್ಲಗ್ ಬದಲಿಸಿದೆ, ಬ್ಲೇಡನ್ನೂ ಚಕ್ರದ ಬೆಲ್ಟನ್ನೂ ಕಳಚಿಟ್ಟೆ. ಕಾರ್ಬ್ಯುರೇಟರನ್ನು ತೊಳೆದು ತೊಳೆದು ಕನ್ನಡಿ ಮಾಡಿದೆ. ಗ್ಲೌಸಿನ ಗಂಟನ್ನು ಮಾತ್ರ ಮುಟ್ಟಲಿಲ್ಲ. ಆ ಚರ್ಮ ಒಣಗಿ ಕಟ್ಟಿಗೆಯಾಗಿತ್ತು, ಬೆರಳುಗಳು ಮಡಚಿದ ಹಾಗೇ ಸೆಟೆದಿದ್ದವು.

ಕೋರ್ಸಿಗೆ ವಾರದ ರಜೆಯ ದಿನ ಬೆಳಿಗ್ಗೆ ಹೋದೆವು. ಕಾರ್ಯದರ್ಶಿಯವರು ಬಾಗಿಲಲ್ಲೇ ತಡೆದರು. ನೆನಪಿನ ಕೋಣೆಗೆ ಫೋಟೋ ತೆಗೆಸಬೇಕು ಎಂದೆ. 'ಹೀಗೆ ಮೊದಲೇ ಹೇಳ್ಬಾರ್ದಾ ಸಾರ್, ನಾನು ಬೇರೆ ಟೈ ಹಾಕ್ಕೊಂಡ್ ಬರ್ತಿದ್ದೆ' ಎನ್ನುತ್ತ ಟೈ ಬದಲಿಸಲು ಓಡಿದರು. ಮಗಳು ಕೊನೆಯ ಕುಳಿಯ ಹತ್ತಿರ ಚೆಂಡಿಟ್ಟಳು. ಅವಳಿಗೆ ದಾರಿಯಲ್ಲೇ ಎಲ್ಲ ಹೇಳಿದ್ದೆವು. ನಾವಿಬ್ಬರೂ ಸಾಲುಮರಗಳ ಆಚೆ ಮಷೀನ್ ಇಳಿಸಿದೆವು. ಹಗ್ಗ ಜಗ್ಗಿದೆ. ಎರಡನೆಯ ಎಳೆತಕ್ಕೆ, ನಿನ್ನೆಯಷ್ಟೇ ನಿಲ್ಲಿಸಿದ್ದರೋ ಎಂಬಂತೆ ಹೊತ್ತಿಕೊಂಡಿತು. ಓಡಿತು. 'ಹಿಕ್' ಎಂದಿತು. ಅಷ್ಟು ತೊಳೆದಿದ್ದೆ ಗೊದ್ದ, ಆದರೂ.

ಮರಗಳ ಸಂದಿನಿಂದ ಮಗಳು ಕಾಣುತ್ತಿದ್ದಳು. ತಲೆ ಎತ್ತಿ ಈ ಕಡೆ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು: ಇಷ್ಟು ದಿನ ಕೇಳಿಸುತ್ತಿದ್ದದ್ದು ಇದೇ ಎಂದು ಕೇಳದೆಯೇ ನನಗೆ ತಿಳಿಯಿತು. ಚೆಂಡಿನ ಮೇಲೆ ಬಾಗಿ, ಬರಿಗೈ ಎತ್ತಿದಳು.

ನಿನ್ನ ಅಕ್ಕ ಗಂಟಿಗೆ ಕೈ ಹಾಕಿದಳು. ಬಿಚ್ಚಲಿಲ್ಲ. ಉಗುರು ಹಾಕಿದಳು. ಅಲುಗಲಿಲ್ಲ. ಆ ಬೆರಳುಗಳು ಅವಳನ್ನೇ ಹಿಡಿದುಕೊಂಡ ಹಾಗೆ ಕಾಣುತ್ತಿತ್ತು. ನಾನು ಕತ್ತಿ ತೆಗೆದೆ; ಕಣ್ಣಿನಲ್ಲೇ ಗದರಿದಳು. ಪ್ಲಗ್ಗಿನ ವೈರ್ ಕಿತ್ತರೆ ಆಯಿತು ಎಂದೆ. 'ನಿಮ್ಮ ಮಷೀನ್ ಅಲ್ಲ ಇದು, ನನ್ನಮ್ಮನ ಕೆಲಸ. ದೂರ ನಿಲ್ಲಿ' ಎಂದು ಇಂಜಿನ್ನಿನ ಸದ್ದಿಗಿಂತ ಮೇಲೆ ಕೂಗಿದಳು. ಮಂಡಿಯೂರಿ, ಆ ಚರ್ಮಕ್ಕೆ ಬಾಯಿ ಹಾಕಿ, ಹಲ್ಲಿನಲ್ಲಿ ಕಚ್ಚಿ, ಉಗುಳಿನಲ್ಲಿ ನೆನೆಸಿ, ಮತ್ತೆ ಕಚ್ಚಿ ಎಳೆದಳು. ಆ ಕಡೆ ಮಗಳು ಕೈ ಎತ್ತಿಕೊಂಡೇ ನಿಂತಿದ್ದಳು. ಇಳಿಸಲಿಲ್ಲ. ಈ ಹುಡುಗಿ ಬಿಟ್ಟುಹೋಗುತ್ತಾಳೆ, ಇಲ್ಲ ಹಾಗೇ ಹೊಡೆದುಬಿಡುತ್ತಾಳೆ, ಎರಡರಲ್ಲಿ ಯಾವುದಾದರೂ ನಮ್ಮ ಪಾಲಿಗೆ ಮುಗಿಯಿತು ಎಂದುಕೊಂಡೆ.

ಗಂಟು ಬಿಚ್ಚಿತು. ಸಳಿ ಚಿಮ್ಮಿತು. ಮಷೀನ್ ನಿಂತಿತು.

ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಆಮೇಲೆ ಮರಗಳ ಆಚೆಯಿಂದ ಸಣ್ಣದೊಂದು 'ಟಕ್', ಸ್ವಲ್ಪ ತಡೆದು, ಚೆಂಡು ಕುಳಿಗೆ ಬೀಳುವ ಪೊಳ್ಳು ಸದ್ದು.

ಟೈ ಬದಲಿಸಿಕೊಂಡು ಬಂದ ಕಾರ್ಯದರ್ಶಿಯವರು ಮಣ್ಣಿನಲ್ಲಿ ಕೂತಿದ್ದ ನಿನ್ನ ಅಕ್ಕನನ್ನೂ ಅವಳ ಮಡಿಲಿನ ಗ್ಲೌಸನ್ನೂ ನೋಡಿ ಫೋಟೋದ ಮಾತೆತ್ತಲಿಲ್ಲ. ಗ್ಲೌಸನ್ನು ಅವಳು ಮನೆಗೆ ತಂದು, ಎಣ್ಣೆ ಸವರಿ, ಒಂದೊಂದೇ ಬೆರಳನ್ನು ನೀವಿ ನೀವಿ ನೆಟ್ಟಗೆ ಮಾಡಿದ್ದಾಳೆ. ಈಗ ಅದು ಬಿಚ್ಚಿದ ಅಂಗೈ. ಕ್ಲಬ್ಬಿನ ಗಾಜಿನ ಪೆಟ್ಟಿಗೆ ಖಾಲಿಯೇ ಇರಲಿ ಎಂದಳು. ಗೋಡೆಯ ನಾಲ್ಕು ಸಾಲನ್ನು ನಾನೂ ಬರೆದುಕೊಟ್ಟಿಲ್ಲ. 'ಸಂಸ್ಕಾರ' ಎಂದೇ ಹಾಕಿಕೊಳ್ಳಲಿ, ತಪ್ಪೇನಿಲ್ಲ.

ಅರ್ಹತಾ ಪಂದ್ಯದಲ್ಲಿ ಮಗಳು ಗೆಲ್ಲಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು, ಮುಂದಿನ ಸಲ ನೋಡ್ಕೋತೀನಿ ಎಂದು ಐಸ್‌ಕ್ರೀಂ ತಿನ್ನುತ್ತ ಹೇಳಿದಳು. ಆದರೆ ಬಾಗಿದಳು, ಹೊಡೆದಳು, ಮುಂದೆ ನಡೆದಳು. ತೀರ್ಪುಗಾರರು ಗಡಿಯಾರವನ್ನು ಜೇಬಿನಿಂದ ತೆಗೆಯಲೇ ಇಲ್ಲ. 'ಏನಾದ್ರೂ ಕೇಳಿಸ್ತಾ?' ಎಂದು ಕಾರಿನಲ್ಲಿ ಕೇಳಿದೆ. 'ಕೇಳಿಸ್ತು. ನೀನು ಕೊನೇ ಸಾಲಲ್ಲಿ ನಿಂತು ಪಕ್ಕದವರಿಗೆ ಮಷೀನ್ ಮಾರ್ತಾ ಇದ್ದೆ' ಎಂದಳು.

ಇದೇ ಸುದ್ದಿ. ನೀನಿರುವ ಕಡೆ ನಿನಗೆ ಇನ್ನೂ ಅದು ಕೇಳಿಸುತ್ತಿದೆಯೋ ಏನೋ ನನಗೆ ತಿಳಿಯದು. ಅಭ್ಯಾಸದ ಮೈದಾನದಲ್ಲಿ ಸಾಲಾಗಿ ನಿಂತ ನಿನ್ನನ್ನು ಕಂಡಾಗಲೆಲ್ಲ, ನೀನು ಎಲ್ಲೋ ಆ ಹಸಿರಿನ ಮೇಲೆ ಬಾಗಿಯೇ ಇದ್ದೀಯ ಎನಿಸುತ್ತದೆ. ನಿನ್ನ ಖಾತೆಯನ್ನು ಎಷ್ಟು ಸಲ ತಿರುವಿ ಹಾಕಿದರೂ ಹೊಂದದ ಬಾಬತ್ತು ಅದೊಂದೇ. ಆ ಒಂದೂವರೆ ಅಡಿ ಇನ್ನೂ ಬಾಕಿಯಿದೆ.

ಮಷೀನ್ ನಿಂತಿದೆ, ಗೊದ್ದ. ನಿನ್ನ ಅಕ್ಕನೇ ನಿಲ್ಲಿಸಿದ್ದಾಳೆ, ಅಮ್ಮ ನಿಲ್ಲಿಸುತ್ತಿದ್ದ ಹಾಗೆ, ಕೈಯಾರೆ. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡೆ.

ಯಾರೂ ಗಡಿಯಾರ ನೋಡುತ್ತಿಲ್ಲ. ನಿನ್ನ ಕೈ ಹಗುರಾಗಲಿ, ನೆಲ ಸಮವಾಗಿರಲಿ.

ಹೊಡಿ.

ಇಂತಿ, ಮಾತು ನಿಲ್ಲಿಸಿ ಆಲಿಸುತ್ತಿರುವ
ನಿನ್ನ ಭಾವ